ಸೌಂಡ್‌ಬಾರ್ ಕೆಟ್ಟಿಲ್ಲ, ವೈರ್ ಪಕ್ಕದ ತೂತಿನಲ್ಲಿದೆ

"ಹೊಸ ಸೌಂಡ್‌ಬಾರ್, ಸದ್ದೇ ಬರ್ತಿಲ್ಲ. ಪೀಸೇ ಕೆಟ್ಟಿರ್ಬೇಕು ನೋಡಿ ಸಾರ್." ಇಂಥ ಫೋನ್ ಬಂದಾಗ ನಾನು ಮೊದಲು ಬ್ಯಾಗಿಗೆ ಹಾಕಿಕೊಳ್ಳೋದು ಟಾರ್ಚ್. ಟಿವಿ ಹಿಂದೆ ಬಗ್ಗಿ ಬೆಳಕು ಬಿಟ್ಟರೆ ಅರ್ಧ ರಿಪೇರಿ ಮುಗಿದ ಹಾಗೆ.

ಅಲ್ಲಿ ಮೂರೋ ನಾಲ್ಕೋ ಎಚ್‌ಡಿಎಂಐ ತೂತುಗಳಿರುತ್ತವೆ. ನೋಡೋಕೆ ಎಲ್ಲವೂ ಒಂದೇ. ಆದರೆ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಇರುವೆ ಸೈಜಿನ ಅಕ್ಷರದಲ್ಲಿ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಅಂತ ಬರೆದಿರುತ್ತದೆ. ಮಿಕ್ಕ ತೂತುಗಳು ಸದ್ದನ್ನು ಒಳಗೆ ತಗೊಳ್ಳುತ್ತವೆ ಅಷ್ಟೆ. ಹೊರಗೆ ಕಳಿಸೋದು ಇದೊಂದೇ. ಸೌಂಡ್‌ಬಾರ್ ಕಡೆಯೂ ಇದೇ ಕತೆ: 'ಇನ್' ಮತ್ತು 'ಔಟ್' ಎರಡೂ ಇದ್ದರೆ ಟಿವಿಯ ವೈರ್ ಹೋಗಬೇಕಾದ್ದು 'ಔಟ್'ಗೆ. ಸದ್ದು ಬಾರ್ ಒಳಗೆ ಬರಬೇಕು, ತೂತಿನ ಹೆಸರು ಮಾತ್ರ 'ಔಟ್'! ಈ ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ವೈರ್ ಸರಿಯಾದರೂ ಕೆಲಸ ಮುಗಿಯಲಿಲ್ಲ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆನ್ ಇರಬೇಕು. ಟಿವಿ ರಿಮೋಟ್‌ನಲ್ಲೇ ಬಾರ್‌ನ ಸದ್ದು ಏರಿಳಿಯೋದು ಇದರಿಂದ. ತಮಾಷೆಯೆಂದರೆ ಕಂಪನಿಗೊಂದು ಹೆಸರು. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಮೆನುವಿನಲ್ಲಿ 'ಸಿಇಸಿ' ಅಂತ ಹುಡುಕಿ ಹುಡುಕಿ ಸುಸ್ತಾದವರು ಎಷ್ಟೋ ಜನ.

ಇನ್ನು ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಗೇಮ್ ಕನ್ಸೋಲ್ ಎಲ್ಲಿಗೆ ಹಾಕೋದು? ನನ್ನ ಲೆಕ್ಕ ಸರಳ: ಎಲ್ಲವೂ ಟಿವಿಗೆ, ಟಿವಿಯಿಂದ ಬಾರ್‌ಗೆ ಒಂದೇ ವೈರ್. ಯಾವುದನ್ನು ನೋಡಿದರೂ ಸದ್ದು ಬಾರ್‌ನಲ್ಲೇ ಬರುತ್ತದೆ, ಮನೆಯವರು ಬಾರ್‌ನ ರಿಮೋಟ್ ಮುಟ್ಟೋದೇ ಬೇಡ. ಕನ್ಸೋಲನ್ನು ಬಾರ್‌ನ 'ಇನ್'ಗೆ ಹಾಕಿದರೆ ಇನ್ನೊಂದು ತೊಂದರೆ. ಹಲವು ಬಾರ್‌ಗಳು 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್‌ನಲ್ಲಿ ಟಿವಿಗೆ ದಾಟಿಸುವುದಿಲ್ಲ. ದುಡ್ಡು ಕೊಟ್ಟು ತಂದ ಟಿವಿಯ ಅರ್ಧ ತಾಕತ್ತು ಅಲ್ಲೇ ಹೋಯಿತು ಅಲ್ವಾ?

'ಎಲ್ಲವೂ ಟಿವಿಗೆ' ಅನ್ನೋದಕ್ಕೂ ಒಂದು ವಿನಾಯಿತಿ ಇದೆ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4 ಜೊತೆ, ಇಎಆರ್‌ಸಿ ಬಂದದ್ದು 2017ರ 2.1 ಜೊತೆ. ಎಆರ್‌ಸಿ ಸಣ್ಣ ಪೈಪು. ಡಾಲ್ಬಿ ಡಿಜಿಟಲ್‌ನಂತೆ ಹಿಂಡಿ ಚಿಕ್ಕದು ಮಾಡಿದ ಸದ್ದು ಅದರಲ್ಲಿ ಸಲೀಸಾಗಿ ಹೋಗುತ್ತದೆ. ಓಟಿಟಿಯ ಆಟ್ಮಾಸ್ (ತಲೆ ಮೇಲಿಂದಲೂ ಬಂದಂತೆ ಕೇಳಿಸುವ ಡಾಲ್ಬಿ ಸದ್ದು) ಕೂಡ ಹಿಂಡಿದ ರೂಪದಲ್ಲೇ ಬರುವುದರಿಂದ ಎಷ್ಟೋ ಎಆರ್‌ಸಿ ಟಿವಿಗಳಲ್ಲಿ ದಾಟುತ್ತದೆ. ಆದರೆ ಬ್ಲೂರೇ ಡಿಸ್ಕಿನ, ಏನನ್ನೂ ಕಳೆಯದ ಟ್ರೂಎಚ್‌ಡಿ ಸದ್ದು ದೊಡ್ಡದು, ಅದಕ್ಕೆ ಇಎಆರ್‌ಸಿಯೇ ಬೇಕು, ಅದೂ ಟಿವಿ ಮತ್ತು ಬಾರ್ ಎರಡರಲ್ಲೂ. ಹಳೇ ಟಿವಿ, ಹೊಸ ಬಾರ್, ಬ್ಲೂರೇ ಹುಚ್ಚು, ಈ ಮೂರೂ ಇದ್ದವರು ಪ್ಲೇಯರನ್ನು ಬಾರ್‌ನ 'ಇನ್'ಗೇ ಹಾಕಿಕೊಳ್ಳಿ.

ಟಿವಿಯಲ್ಲಿ ಎಆರ್‌ಸಿಯೇ ಇಲ್ಲವೆಂದರೆ ಆಪ್ಟಿಕಲ್ ವೈರ್, ಅಂದರೆ ಸದ್ದನ್ನು ಬೆಳಕಾಗಿ ಒಯ್ಯುವ ವೈರ್. ಒಂದು ಮನೆಯಲ್ಲಿ ಮಗ ಆ ವೈರನ್ನು ತುರುಕಿ ತುರುಕಿ ಸೋತಿದ್ದ. "ಫಿಟ್ಟೇ ಆಗ್ತಿಲ್ಲ ಅಂಕಲ್, ಬೇರೆ ವೈರ್ ಬೇಕೇನೋ" ಅಂದ. ತುದಿಯನ್ನು ಬೆಳಕಿಗೆ ಹಿಡಿದೆ. ಕಡಲೆಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಟೋಪಿ ಇನ್ನೂ ಅಲ್ಲೇ ಕೂತಿತ್ತು, ಗಾಜಿನಂತೆ ತಿಳಿ. ತೆಗೆದು ಹಾಕಿದ್ದೇ ಟಕ್ ಅಂತ ಕೂತಿತು. ಬಾರ್ ಕಡೆಯ ತುದಿಯನ್ನು ಹೊರಗೆಳೆದು ಅಂಗೈಗೆ ಹಿಡಿದು ನೋಡಿ. ಕೆಂಪು ಬೆಳಕು ಬಿದ್ದರೆ ಟಿವಿ ಕಳಿಸುತ್ತಿದೆ ಅಂತ ಅರ್ಥ.

ಆಪ್ಟಿಕಲ್‌ನಲ್ಲಿ ಒಂದು ವಿಚಿತ್ರ ದೂರು ಬರುತ್ತದೆ: ನ್ಯೂಸ್ ಕೇಳುತ್ತದೆ, ಸಿನಿಮಾ ಹಾಕಿದರೆ ಮೌನ. ಟಿವಿ ಡಾಲ್ಬಿ ಕಳಿಸುತ್ತಿದೆ, ಬಾರ್‌ಗೆ ಅದು ಅರ್ಥವಾಗುತ್ತಿಲ್ಲ. ಟಿವಿಯ ಡಿಜಿಟಲ್ ಆಡಿಯೋ ಔಟ್ ಅನ್ನು 'ಪಿಸಿಎಂ' (ಹಿಂಡದ ಸಾದಾ ಸದ್ದು) ಮಾಡಿ, ಮಾತು ಬರುತ್ತದೆ. ಬಾರ್‌ಗೆ ಡಾಲ್ಬಿ ಗೊತ್ತಿದ್ದರೆ ಮಾತ್ರ ಸುಮ್ನೆ 'ಪಿಸಿಎಂ'ನಲ್ಲಿ ಬಿಡಬೇಡಿ, ಆಪ್ಟಿಕಲ್‌ನಲ್ಲಿ 'ಪಿಸಿಎಂ' ಅಂದರೆ ಬರೀ ಎರಡು ಚಾನೆಲ್.

ಬ್ಲೂಟೂತ್? ಫೋನಿಂದ ಹಾಡು ಕೇಳೋಕೆ ಚೆನ್ನ. ಟಿವಿಗೆ ನಾನಂತೂ ಹಾಕಲ್ಲ. ತುಟಿ ಆಡಿದ ಮೇಲೆ ಮಾತು ಕೇಳಿಸುತ್ತದೆ, ಗೇಮ್‌ನಲ್ಲಿ ಗುಂಡು ಹಾರಿದ ಮೇಲೆ ಢಂ ಅನ್ನುತ್ತದೆ.

ಮಾತು ಬಾವಿಯೊಳಗಿಂದ ಬಂದ ಹಾಗಿದ್ದರೆ ಟಿವಿಯ ಸ್ವಂತ ಸ್ಪೀಕರ್ ಕೂಡ ಓಡುತ್ತಿದೆ, ಮೆನುವಿನಲ್ಲಿ ಆಫ್ ಮಾಡಿ. ಎಲ್ಲ ಸರಿಯಿದ್ದ ಬಾರ್ ಒಂದು ದಿನ ಇದ್ದಕ್ಕಿದ್ದಂತೆ ಮೂಕಾದರೆ ನನಗೆ ಫೋನ್ ಮಾಡೋಕೆ ಮೊದಲು ಟಿವಿ, ಬಾರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಎರಡು ನಿಮಿಷ ಬಿಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಆಗ ಅವು ನಿದ್ದೆ ಮಾಡುತ್ತಿರುತ್ತವೆ ಅಷ್ಟೆ. ಮೊದಲು ಟಿವಿ ಆನ್ ಮಾಡಿ, ಆಮೇಲೆ ಬಾರ್. ಆಗಲೂ ಬಾಯಿ ಬಿಡದಿದ್ದರೆ ಟಾರ್ಚ್ ತಗೊಂಡು ಬರುತ್ತೇನೆ.