ಓವರುಗಳ ನಡುವೆ ಸೋರಿಹೋಗುವ ಹೊತ್ತು

ಬಳ್ಳಾರಿ ಮತ್ತು ಸುತ್ತಲಿನ ಊರುಗಳಲ್ಲಿ ಕ್ಲಬ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುವ ನಮ್ಮಂಥವರನ್ನು ಸಂಘಟಕರು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ, ಬೆಳಿಗ್ಗೆ ಎಂಟಕ್ಕೆ ಶುರುವಾದ 30 ಓವರುಗಳ ಪಂದ್ಯ ಮಧ್ಯಾಹ್ನದ ಪಂದ್ಯ ಆಡಬೇಕಾದ ತಂಡಗಳು ಬಂದು ಕುಳಿತ ಮೇಲೂ ಏಕೆ ಮುಗಿಯುವುದಿಲ್ಲ ಎಂಬುದು. ಬೌಲರುಗಳ ಓಟ ಮೊದಲಿಗಿಂತ ಉದ್ದವಾಗಿಲ್ಲ, ಚೆಂಡು ಜಾಲಿಗಿಡಗಳ ನಡುವೆ ಸೇರಿಕೊಳ್ಳುವುದು ಹಿಂದೆಯೂ ಇತ್ತು, ಮ್ಯಾಟಿನ ಮೊಳೆ ಕಿತ್ತುಬರುವುದೂ ಹೊಸದಲ್ಲ. ಹೆಚ್ಚಾಗಿರುವುದು ಒಂದು ಓವರ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತು, ಮತ್ತು ಆ ಹೊತ್ತನ್ನು ತುಂಬುವ ವರ್ತನೆಗಳೆಲ್ಲ ಬಹುಪಾಲು ಟಿ.ವಿ.ಯಿಂದ ಕಲಿತವು.

ಓವರ್ ಮುಗಿದೊಡನೆ ಏನಾಗುತ್ತದೆಂದು ಸ್ಕ್ವೇರ್ ಲೆಗ್‌ನಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ. ನಾಯಕ ಲಾಂಗ್ ಆಫ್‌ನಿಂದ ನಡೆದು ಬರುತ್ತಾನೆ, ವಿಕೆಟ್ ಕೀಪರ್ ಆ ಕಡೆಯಿಂದ ಬರುತ್ತಾನೆ, ಮುಂದಿನ ಬೌಲರ್ ಯಾರೆಂಬುದು ಅಲ್ಲಿಯವರೆಗೂ ತೀರ್ಮಾನವಾಗಿರುವುದಿಲ್ಲ. ಮೂವರೂ ತುಟಿಗೆ ಕೈ ಅಡ್ಡ ಹಿಡಿದು ಮಾತನಾಡುತ್ತಾರೆ. ಅಂತರರಾಷ್ಟ್ರೀಯ ಆಟಗಾರರು ಹಾಗೆ ಮಾಡುವುದು ಕ್ಯಾಮೆರಾ ಮೂಲಕ ತುಟಿಯ ಚಲನೆ ಓದಬಾರದೆಂದು. ನಮ್ಮ ಮೈದಾನದಲ್ಲಿ ಇರುವ ಕ್ಯಾಮೆರಾ ಎಂದರೆ ಬೇವಿನ ಮರದ ಕೆಳಗೆ ಕುಳಿತ ಹುಡುಗನ ಮೊಬೈಲ್ ಮಾತ್ರ. ಈ ಸಮಾಲೋಚನೆ ಮುಗಿದ ಮೇಲೆ ಬ್ಯಾಟರ್‌ನ ಸರದಿ. ಆತ ಕ್ರೀಸ್‌ನಿಂದ ಹೊರನಡೆದು ಗ್ಲೌಸಿನ ಪಟ್ಟಿ ಬಿಚ್ಚಿ, ಮತ್ತೆ ಬಿಗಿದು, ಫೀಲ್ಡರುಗಳನ್ನು ಒಂದು ಸುತ್ತು ಎಣಿಸಿ, ಆಮೇಲೆ ಗಾರ್ಡ್ ಕೇಳುತ್ತಾನೆ. ‘ಬೇಗ ಆಗಲಿ’ ಎಂದರೆ ಇಬ್ಬರಿಂದಲೂ ಬರುವ ಉತ್ತರ ಒಂದೇ: ‘ಒಂದ್ ನಿಮಿಷ ತಡೀರಿ ಸರ್.’

ಲೆಕ್ಕ ಹಾಕಿ ನೋಡಿದರೆ ಈ ಒಂದು ನಿಮಿಷದ ಬೆಲೆ ತಿಳಿಯುತ್ತದೆ. 30 ಓವರುಗಳ ಇನಿಂಗ್ಸಿನಲ್ಲಿ 29 ಅಂತರಗಳಿರುತ್ತವೆ. ಪ್ರತಿ ಅಂತರದಲ್ಲಿ ಅಗತ್ಯಕ್ಕಿಂತ 40 ಸೆಕೆಂಡು ಹೆಚ್ಚು ಹೋದರೂ ಎರಡು ಇನಿಂಗ್ಸ್ ಸೇರಿ 38 ನಿಮಿಷಕ್ಕೂ ಹೆಚ್ಚು ಕಾಲ ಕಳೆದುಹೋಗುತ್ತದೆ. ಓವರಿಗೆ ನಾಲ್ಕು ನಿಮಿಷ ಎಂದಿಟ್ಟುಕೊಂಡರೆ ಇದು ಒಂಬತ್ತು ಓವರುಗಳ ಆಟ. ನವೆಂಬರ್, ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಆರಕ್ಕೆ ಮುನ್ನವೇ ಹೊತ್ತು ಮುಳುಗುವುದರಿಂದ ಆ ಓವರುಗಳನ್ನು ಮಧ್ಯಾಹ್ನದ ಪಂದ್ಯದಿಂದಲೇ ಕಡಿತ ಮಾಡಬೇಕಾಗುತ್ತದೆ. ಹಾಗೆ ಕಡಿತವಾದಾಗ ಬ್ಯಾಟಿಂಗ್ ಸಿಗದೆ ಹಿಂದಿರುಗುವವನು ಸಿರುಗುಪ್ಪದಿಂದಲೋ ಕಂಪ್ಲಿಯಿಂದಲೋ ಬಸ್ಸು ಹಿಡಿದು ಬಂದ ಏಳನೆಯ ಕ್ರಮಾಂಕದ ಆಟಗಾರ.

ವೃತ್ತಿಪರರ ನಿಧಾನಕ್ಕೆ ಕಾರಣಗಳಿವೆ ಎಂಬುದನ್ನು ಒಪ್ಪಲೇಬೇಕು. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ 90 ಓವರುಗಳು, ಅಂದರೆ ಗಂಟೆಗೆ 15 ಓವರುಗಳು ಆಗಬೇಕು. ಮೇಲ್ಮನವಿ ಮೂರನೇ ಅಂಪೈರಿಗೆ ಹೋದರೆ, ಆಟಗಾರ ಗಾಯಗೊಂಡರೆ ಆ ಸಮಯವನ್ನು ಪಂದ್ಯದ ರೆಫರಿ ಲೆಕ್ಕದಿಂದ ತೆಗೆದುಹಾಕುತ್ತಾರೆ. ಅವರು ಎದುರಾಳಿಯ ವಿಡಿಯೊ ನೋಡಿ ಪ್ರತಿ ಎಸೆತಕ್ಕೂ ಯೋಜನೆ ಹಾಕಿಕೊಂಡು ಬಂದಿರುತ್ತಾರೆ. ಇಷ್ಟೆಲ್ಲ ವಿನಾಯಿತಿ ಇದ್ದೂ ಅವರಿಗೆ ಗಂಟೆಗೆ 15 ಕಷ್ಟವಾಗುತ್ತಿರುವಾಗ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿಯ (ಮ್ಯಾರಿಲ್‌ಬೋನ್ ಕ್ರಿಕೆಟ್ ಕ್ಲಬ್) ಮೂಲ ನಿಯಮಾವಳಿಯು ಪಂದ್ಯದ ಕೊನೆಯ ಗಂಟೆಯಲ್ಲಿ ಕನಿಷ್ಠ 20 ಓವರುಗಳು ಆಗಬೇಕೆಂದು, ಅಂದರೆ ಓವರಿಗೆ ಮೂರೇ ನಿಮಿಷ ಎಂದು ಗಣಿಸಿದೆ ಎಂಬುದನ್ನು ಹೇಳಿದರೆ ನಮ್ಮ ಹುಡುಗರು ನಂಬುವುದಿಲ್ಲ. (ಈ ರೋಗ ಕ್ರಿಕೆಟಿಗೆ ಮಾತ್ರ ಅಂಟಿದ್ದಲ್ಲ. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಗಾಲ್ಫ್ ನಿಯಮಾವಳಿ ಸಲಹೆ ನೀಡಿದ್ದರೂ ಅಲ್ಲಿಯೂ ಇದೇ ಗೋಳು.)

ದಂಡ ವಿಧಿಸಿದರೆ ಸರಿಹೋಗುತ್ತದೆಂದು ಆಡಳಿತಗಾರರು ಬಹುಕಾಲ ನಂಬಿದ್ದರು. 2020ರ ಮೆಲ್ಬರ್ನ್ ಟೆಸ್ಟಿನಲ್ಲಿ ಓವರುಗಳು ತಡವಾದ ಕಾರಣ ಆಸ್ಟ್ರೇಲಿಯಾ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನ ನಾಲ್ಕು ಅಂಕ ಕಳೆದುಕೊಂಡಿತು. ಕೊನೆಗೆ ಅದು ಗಳಿಸಬಹುದಾಗಿದ್ದ ಅಂಕಗಳಲ್ಲಿ ಶೇ 69.2ರಲ್ಲಿ ನಿಂತು, ಶೇ 70 ಗಳಿಸಿದ್ದ ನ್ಯೂಜಿಲೆಂಡ್ 2021ರ ಫೈನಲ್ ಪ್ರವೇಶಿಸಿತು. ಅಷ್ಟು ದೊಡ್ಡ ಪೆಟ್ಟು ಬಿದ್ದಿದ್ದರೂ 2023ರ ಆ್ಯಷಸ್ ಸರಣಿಯಲ್ಲಿ ಇಂಗ್ಲೆಂಡ್ 19, ಆಸ್ಟ್ರೇಲಿಯಾ 10 ಅಂಕ ಕಳೆದುಕೊಂಡವು. ಐಪಿಎಲ್‌ನಲ್ಲಿ ಮೂರನೇ ಬಾರಿ ತಪ್ಪೆಸಗಿದ ಹಾರ್ದಿಕ್ ಪಾಂಡ್ಯ 30 ಲಕ್ಷ ರೂಪಾಯಿ ದಂಡದ ಜೊತೆಗೆ 2025ರ ಮೊದಲ ಪಂದ್ಯವನ್ನು ಹೊರಗೆ ಕುಳಿತು ನೋಡಬೇಕಾಯಿತು. ಪಂದ್ಯ ಮುಗಿದ ಮೇಲೆ ಬರುವ ಶಿಕ್ಷೆ, ಚೆಂಡು ಕೈಯಲ್ಲಿದ್ದಾಗ ಯಾರ ನೆನಪಿಗೂ ಬರುವುದಿಲ್ಲ.

ಮೈದಾನದಲ್ಲೇ ಬೀಳುವ ಪೆಟ್ಟಿನ ಮಾತು ಬೇರೆ. ಒಂದು ಓವರ್ ಮುಗಿದ 60 ಸೆಕೆಂಡಿನೊಳಗೆ ಮುಂದಿನ ಓವರಿಗೆ ಸಿದ್ಧರಾಗಬೇಕು, ಎರಡು ಎಚ್ಚರಿಕೆಯ ನಂತರ ಪ್ರತಿ ತಪ್ಪಿಗೆ ಐದು ರನ್ ಎಂಬ ಸ್ಟಾಪ್ ಕ್ಲಾಕ್ ನಿಯಮವನ್ನು ಐಸಿಸಿ 2023ರ ಡಿಸೆಂಬರಿನಲ್ಲಿ ಪ್ರಾಯೋಗಿಕವಾಗಿ ತಂದು, 2024ರ ಟಿ20 ವಿಶ್ವಕಪ್‌ನಿಂದ ಖಾಯಂ ಮಾಡಿತು. ಆ ಟೂರ್ನಿಯಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತಕ್ಕೆ 30 ಎಸೆತಗಳಲ್ಲಿ 35 ರನ್ ಬೇಕಿದ್ದಾಗ ಅಮೆರಿಕ ತಂಡ ಮೂರನೇ ಬಾರಿ ತಡಮಾಡಿತು. ಗುರಿ ಅಲ್ಲೇ 30ಕ್ಕೆ ಇಳಿಯಿತು.

ನಮ್ಮ ಅಂಪೈರುಗಳ ಕೈಯಲ್ಲಿ ಇಂಥ ಅಧಿಕಾರ ಇಲ್ಲವೆಂಬುದು ತಪ್ಪು ತಿಳಿವಳಿಕೆ. ಎಂಸಿಸಿ ನಿಯಮ 41.9ರ ಪ್ರಕಾರ ಫೀಲ್ಡಿಂಗ್ ತಂಡ ಬೇಕೆಂದೇ ಕಾಲಹರಣ ಮಾಡಿದರೆ ನಾಯಕನಿಗೆ ಮೊದಲ ಮತ್ತು ಕೊನೆಯ ಎಚ್ಚರಿಕೆ. ಅದೇ ಮರುಕಳಿಸಿದರೆ, ಓವರುಗಳ ನಡುವೆ ಆಗಿದ್ದರೆ ಬ್ಯಾಟಿಂಗ್ ತಂಡಕ್ಕೆ ಐದು ರನ್, ಓವರಿನ ಮಧ್ಯೆ ಆಗಿದ್ದರೆ ಆ ಬೌಲರ್‌ಗೆ ಆ ಇನಿಂಗ್ಸಿನಲ್ಲಿ ಮತ್ತೆ ಚೆಂಡು ಇಲ್ಲ. 41.10 ಬ್ಯಾಟರ್‌ಗೆ ಸಂಬಂಧಿಸಿದ್ದು: ಬೌಲರ್ ಓಡಲು ಸಿದ್ಧನಾದಾಗ ಸ್ಟ್ರೈಕ್‌ನಲ್ಲಿರುವವನೂ ಸಿದ್ಧನಿರಬೇಕು, ಇಲ್ಲದಿದ್ದರೆ ಎಚ್ಚರಿಕೆ, ಆಮೇಲೆ ಫೀಲ್ಡಿಂಗ್ ತಂಡಕ್ಕೆ ಐದು ರನ್. ಈ ಎರಡನ್ನೂ ಕ್ಲಬ್ ಪಂದ್ಯಗಳಲ್ಲಿ ಬಳಸುವವರು ಅಪರೂಪ. ಸಂಜೆ ಅದೇ ಆಟಗಾರರ ಜೊತೆ ಚಹಾ ಕುಡಿಯಬೇಕಾದ ಅಂಪೈರ್ ಜಗಳ ಬೇಡವೆಂದು ಸುಮ್ಮನಾಗುತ್ತಾನೆ, ಮತ್ತು ಆ ಮೌನವನ್ನು ನಾಯಕರು ಅನುಮತಿ ಎಂದೇ ತಿಳಿಯುತ್ತಾರೆ.

ಹಾಗೆಂದು ಎಲ್ಲ ವಿಳಂಬವೂ ಒಂದೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ನೀರಿನ ವಿರಾಮವನ್ನು ನಾನು ಎಂದೂ ಮೊಟಕು ಮಾಡುವುದಿಲ್ಲ. ಕೆಂಪು ಧೂಳಿನ ಗಾಳಿ ಎದ್ದರೆ ನಿಲ್ಲಲೇಬೇಕು. ಇನ್ನೊಂದು ತೊಡಕು ನಮ್ಮ ಕಡೆಯ ತಂಡಗಳಿಗೇ ವಿಶೇಷವಾದುದು. ಹಲವು ತಂಡಗಳಲ್ಲಿ ಎರಡು ಮೂರು ಜೊತೆ ಪ್ಯಾಡುಗಳಷ್ಟೇ ಇರುವುದರಿಂದ ವಿಕೆಟ್‌ಗಳು ಬೆನ್ನುಬೆನ್ನಿಗೆ ಬಿದ್ದರೆ ಔಟಾದವನು ಬೌಂಡರಿ ಗೆರೆಯ ಬಳಿ ಕುಳಿತು ಪ್ಯಾಡ್ ಬಿಚ್ಚುವವರೆಗೆ ಬರಬೇಕಾದವನು ಒಂದು ಕಾಲಿಗೆ ಮಾತ್ರ ಕಟ್ಟಿಕೊಂಡು ಕಾಯುತ್ತಾನೆ. ಮೂಲ ನಿಯಮದಲ್ಲಿ ಹೊಸ ಬ್ಯಾಟರ್‌ಗೆ ಮೂರು ನಿಮಿಷ ಕಾಲಾವಕಾಶವಿದೆ. 2023ರ ವಿಶ್ವಕಪ್‌ನಲ್ಲಿ ಅದು ಎರಡೇ ನಿಮಿಷವಾಗಿತ್ತು, ಹೆಲ್ಮೆಟ್ ಪಟ್ಟಿ ಕಿತ್ತುಹೋದ ಏಂಜೆಲೊ ಮ್ಯಾಥ್ಯೂಸ್ ದೆಹಲಿಯಲ್ಲಿ ‘ಟೈಮ್ಡ್ ಔಟ್’ ಆದದ್ದನ್ನು ಎಲ್ಲರೂ ನೋಡಿದ್ದಾರೆ. ಆ ಘಟನೆಯ ನಂತರ ಇಲ್ಲಿಯೂ ಪ್ಯಾಡ್ ಕಟ್ಟುತ್ತಿರುವವನ ಮೇಲೆ ಮನವಿ ಮಾಡುವ ಉತ್ಸಾಹಿಗಳು ಹುಟ್ಟಿಕೊಂಡಿದ್ದಾರೆ. ತಾವು ಫೀಲ್ಡ್ ಜೋಡಿಸಲು ತೆಗೆದುಕೊಂಡ ಹೊತ್ತು ಮಾತ್ರ ಅವರ ಲೆಕ್ಕಕ್ಕೆ ಬರುವುದಿಲ್ಲ.

ಹಣದ ದಂಡ ನಮ್ಮಲ್ಲಿ ಉಪಯೋಗಕ್ಕೆ ಬಾರದು. ಅದನ್ನು ತಂಡದ ಹಿರಿಯರೊಬ್ಬರು ಕಟ್ಟಿ ಮುಗಿಸುತ್ತಾರೆ. 2022ರ ಜನವರಿಯಿಂದ ಅಂತರರಾಷ್ಟ್ರೀಯ ಟಿ20ಯಲ್ಲಿರುವ ಕ್ರಮವೇ ನಮಗೆ ಹೊಂದುತ್ತದೆ: ನಿಗದಿತ ಸಮಯದೊಳಗೆ ಕೊನೆಯ ಓವರ್ ಆರಂಭಿಸಲು ಸಿದ್ಧವಾಗದ ತಂಡ ಉಳಿದ ಓವರುಗಳಲ್ಲಿ 30 ಗಜದ ವೃತ್ತದ ಹೊರಗೆ ಒಬ್ಬ ಫೀಲ್ಡರ್‌ನನ್ನು ಕಡಿಮೆ ನಿಲ್ಲಿಸಬೇಕು. ಇದಕ್ಕೆ ವಿದ್ಯುತ್ ಫಲಕ ಬೇಕಿಲ್ಲ. ವೃತ್ತಕ್ಕೆ ಸುಣ್ಣದ ಗೆರೆ, ಅಂಪೈರ್ ಮತ್ತು ಸ್ಕೋರರ್ ಟಾಸ್‌ಗೆ ಮುನ್ನ ಹೊಂದಿಸಿಕೊಂಡ ಎರಡು ಕೈಗಡಿಯಾರ, ಸ್ಕೋರ್ ಪುಸ್ತಕದಲ್ಲಿ ಪ್ರತಿ ಐದು ಓವರಿಗೊಮ್ಮೆ ಸಮಯ ಬರೆಯುವ ಒಂದು ಅಂಕಣ ಇದ್ದರೆ ಸಾಕು. ಚೆಂಡು ಹುಡುಕಲು, ನೀರಿಗೆ, ಗಾಯಕ್ಕೆ ಹೋದ ನಿಮಿಷಗಳನ್ನು ಸ್ಕೋರರ್ ಅದೇ ಅಂಕಣದಲ್ಲಿ ಬರೆದು ಕಳೆಯಬೇಕು. ಹಿಂದೆ ಬಿದ್ದಿರುವ ನಾಯಕನಿಗೆ ಹತ್ತನೆಯ ಮತ್ತು ಇಪ್ಪತ್ತನೆಯ ಓವರಿನ ಕೊನೆಗೆ ಎಷ್ಟು ನಿಮಿಷ ತಡವಾಗಿದೆಯೆಂದು ಅಂಪೈರ್ ಬಾಯಿಬಿಟ್ಟು ತಿಳಿಸಬೇಕು.