ಕನ್ನಡ ನೋಟ್ಸ್ ಎಲ್ಲರ ಕಿವಿಗೂ ತಲುಪಬೇಕಾದರೆ: ಸಮನ್ವಯ ಶಿಕ್ಷಣದ ಟಿಪ್ಪಣಿ

ಬಿ.ಎಡ್.ನಲ್ಲಿ ಸಮನ್ವಯ ಶಿಕ್ಷಣ (ವಿಕಲಚೇತನರೂ ಉಳಿದವರೂ ಒಂದೇ ತರಗತಿಯಲ್ಲಿ ಕಲಿಯುವುದು) ಅಂದ ಕೂಡಲೇ ನಾವು ಬಾಯಿಪಾಠ ಮಾಡುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಮೀಸಲು ಸೀಟು ಶೇ 3 ಇದ್ದದ್ದು ಶೇ 5 ಆಯಿತು. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಸೀಟು ಸಿಕ್ಕಿ ಬಂದು ಕೂತವರಿಗೆ ಪಾಠ ತಲುಪುತ್ತದೆಯೇ? ಅದು ಬೇರೆ ವಿಷಯ, ಅಲ್ಲೇ ನಾನು ಮುಗ್ಗರಿಸಿದ್ದು.

ಒಂದು ಅಧ್ಯಾಯವನ್ನು ಕಷ್ಟಪಟ್ಟು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಕ್ಲಾಸ್ ಗ್ರೂಪಿಗೆ ಹಾಕಿದ್ದೆ. ಕಣ್ಣು ಕಾಣದ ಗೆಳೆಯನೊಬ್ಬ ಫೋನ್ ಮಾಡಿ, 'ಇದು ಯಾವ ಭಾಷೆ ಮಾರಾಯ?' ಅಂದ. ಅವನು ಬಳಸುವುದು ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಹಾಗಾದರೆ ತೊಂದರೆ ಎಲ್ಲಿ? ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಮಾತ್ರ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. 'ಕನ್ನಡ' ಅನ್ನುವ ಪದವನ್ನೇ ತಗೊಳ್ಳಿ: ಒಳಗೆ ಮೊದಲು ದೊಡ್ಡ 'ಪಿ', ಆಮೇಲೆ ತಲೆ ಮೇಲೆ ಗೀಟು ಎಳೆದ 'ಎ', ಆಮೇಲೆ ಪೌಂಡ್ ದುಡ್ಡಿನ ಗುರುತು. ನಮ್ಮ 'ನ' ಅಲ್ಲಿ ಪೌಂಡ್ ಆಗಿ ಕೂತಿರುತ್ತದೆ! ಫಾಂಟ್ ಬರೀ ವೇಷ. ನಾವು ವೇಷ ನೋಡುತ್ತೇವೆ, ಸ್ಕ್ರೀನ್ ರೀಡರ್ ವೇಷದ ಒಳಗಿನವನನ್ನು ನೋಡುತ್ತದೆ. ಯೂನಿಕೋಡ್‌ನಲ್ಲಿ ಈ ತಕರಾರಿಲ್ಲ. ಅದು ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ, ಅಲ್ಲಿ 'ಕ' ಅಂದರೆ 'ಕ'ನೇ.

ಕಂಡುಹಿಡಿಯುವುದು ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ನೋಡಿ, ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಚಿತ್ರವಿಚಿತ್ರ ಚಿಹ್ನೆ ಬಂದರೆ ಹಳೇ ಫಾಂಟ್. ಪರಿವರ್ತಕಗಳು ಸುಮ್ನೆ ಸಿಗುತ್ತವೆ, ನಾನು ಪರಿವರ್ತಿಸಿ ಮತ್ತೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವನ ಉತ್ತರ ಬಂತು: ಮೂರನೇ ಪುಟದಲ್ಲಿ ಇಸವಿ ತಪ್ಪು. ನಲವತ್ತು ಜನ ನೋಡಿದ್ದರು, ಯಾರೂ ಹೇಳಿರಲಿಲ್ಲ.

ಇನ್ನು ಫೋಟೊ ಹೊಡೆದು ಮಾಡಿದ ಪಿಡಿಎಫ್. ಅದು ಅಕ್ಷರವಲ್ಲ, ಚಿತ್ರ. ಓದಲು ಒಳಗೆ ಏನೂ ಇಲ್ಲ. ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗಿ ಬರುತ್ತದೆ, ಆದರೆ ಒತ್ತಕ್ಷರಗಳಲ್ಲಿ ಎಡವುತ್ತದೆ, ಒಮ್ಮೆ ಓದಿ ತಿದ್ದಲೇಬೇಕು. ಪಠ್ಯಪುಸ್ತಕವನ್ನು ಹೀಗೆ ಬದಲಾಯಿಸುವುದು ಕಳ್ಳತನವೇನೋ ಅಂತ ಹೆದರುವವರಿದ್ದಾರೆ. ವಿಕಲಚೇತನರ ಓದಿಗಾಗಿ ಮಾಡಿದರೆ ಅಲ್ಲ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ.

ತರಗತಿಯಲ್ಲಿ ಬೋರ್ಡಿನದೇ ದೊಡ್ಡ ಸಮಸ್ಯೆ. 'ಇದರಿಂದ ಇದನ್ನು ಕಳೆದರೆ ಇದು ಬರುತ್ತದೆ' ಅಂದರೆ ಕಾಣದವರಿಗೆ ಮೂರು 'ಇದು' ಬಿಟ್ಟು ಬೇರೇನೂ ಸಿಗಲಿಲ್ಲ, ಅಲ್ವಾ? 'ಐವತ್ತರಿಂದ ಹದಿನೆಂಟು ಕಳೆದರೆ ಮೂವತ್ತೆರಡು' ಅನ್ನಲು ಎರಡು ಸೆಕೆಂಡು ಜಾಸ್ತಿ ಸಾಕು. ತುಟಿ ನೋಡಿ ಗ್ರಹಿಸುವ ಕಿವುಡ ವಿದ್ಯಾರ್ಥಿಗೆ, ಬೋರ್ಡಿನ ಕಡೆ ತಿರುಗಿ ಮಾತಾಡುವ ಮೇಷ್ಟ್ರು ಮೌನವಾಗಿ ನಿಂತ ಹಾಗೆಯೇ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡಬೇಕು.

ಪರೀಕ್ಷೆ ವಿಷಯಕ್ಕೆ 2018ರ ಕೇಂದ್ರದ ಮಾರ್ಗಸೂಚಿಯಲ್ಲಿ (2025ರಲ್ಲಿ ಹೊಸದು ಬಂದಿದೆ) ಹೀಗಿತ್ತು: ವಿಕಲಚೇತನರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಬೇಕಾದರೆ ಶೇ 40 ವೈಕಲ್ಯ ಇರಲೇಬೇಕು ಅನ್ನುವುದು ಹಳೇ ನಂಬಿಕೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ಒಪ್ಪಲಿಲ್ಲ. ಇನ್ನೊಂದು, ಇದು ಬಹಳ ಜನರಿಗೆ ಗೊತ್ತಿಲ್ಲ: ಪರೀಕ್ಷೆ ನಡೆಸುವವರೇ ಸ್ಕ್ರೈಬ್ ಕೊಟ್ಟರೆ ಎರಡು ದಿನ ಮುಂಚೆ ಅವರನ್ನು ಭೇಟಿಯಾಗಲು ಬಿಡಬೇಕು ಅಂತ ಅದೇ 2018ರ ಮಾರ್ಗಸೂಚಿಯಲ್ಲಿತ್ತು. ಭೇಟಿ ಸಿಕ್ಕರೆ ಒಂದು ಪುಟ ಹೇಳಿ ಬರೆಸಿ ನೋಡಿ. ಕನ್ನಡ ಐಚ್ಛಿಕದವರಂತೂ ಹಳಗನ್ನಡದ ಪದ್ಯವನ್ನೇ ಹೇಳಿ ಬರೆಸಿ.