ರಿಗ್ರೆಷನ್ ಟೇಬಲಲ್ಲಿ ನಾಲ್ಕನೇ ಸಾಲು ಯಾರದು?

ರಿಗ್ರೆಷನ್ (ಒಂದು ಅಳತೆ ಬೇರೆ ಅಳತೆಗಳ ಜೊತೆ ಹೇಗೆ ಬದಲಾಗತ್ತೆ ಅನ್ನೋ ಲೆಕ್ಕ) ಓಡಿಸಿ ಸ್ಕ್ರೀನ್ ನೋಡ್ಕೊಂಡು ನಂಬರ್‌ಗಳನ್ನ ಎಕ್ಸೆಲ್‌ಗೆ ಟೈಪ್ ಮಾಡೋರು ಇನ್ನೂ ಇದಾರೆ, ನಾನೂ ಮೊದಮೊದಲು ಅದೇ ಮಾಡ್ತಿದ್ದೆ. ಒಂದು ಮಾಡೆಲ್ ಆದ್ರೆ ಸರಿ, ಐವತ್ತಾದ್ರೆ ಕಣ್ಣು ಕೈ ಕೊಡತ್ತೆ. ಇನ್ನೊಂದು, ಸ್ಕ್ರೀನಲ್ಲಿ ಕಾಣೋದು ರೌಂಡ್ ಆಗಿರೋ ನಂಬರ್. ಆರ್ ಅನ್ನೋ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರಲ್ಲಿ ಪಿ ವ್ಯಾಲ್ಯೂ (ನಿಜಕ್ಕೂ ಸಂಬಂಧ ಇಲ್ಲದಿದ್ರೂ ಇಷ್ಟು ದೊಡ್ಡ ನಂಬರ್ ಬರೋ ಸಾಧ್ಯತೆ) 2ಇ-16ಗಿಂತ, ಅಂದ್ರೆ ದಶಾಂಶ ಬಿಂದು ಆದ್ಮೇಲೆ ಹದಿನೈದು ಸೊನ್ನೆ ಹಾಕಿ 2 ಬರೆದ ನಂಬರ್‌ಗಿಂತ, ಕಡಿಮೆ ಅಂತ ತೋರಿಸತ್ತಲ್ಲ, ಅದು ಬರೀ ಪ್ರಿಂಟ್ ಮಾಡೋ ರೀತಿ ಅಷ್ಟೇ, ನಿಜವಾದ ನಂಬರ್ ಒಳಗಡೆ ಇರತ್ತೆ.

ಎಲ್‌ಎಂ (ಆರ್‌ನ ಮಾಮೂಲಿ ರಿಗ್ರೆಷನ್ ಫಂಕ್ಷನ್) ಮಾಡೆಲ್‌ಗೆ ಸಮ್ಮರಿ ಫಂಕ್ಷನ್ ಕೊಟ್ಟು ಅದರೊಳಗಿನ ಕೋಎಫಿಷಿಯೆಂಟ್ಸ್ ಕೇಳಿದ್ರೆ ಸಿಗೋದು ಒಂದು ಮ್ಯಾಟ್ರಿಕ್ಸ್, ಒಂದೊಂದು ಅಳತೆಗೆ ಒಂದೊಂದು ಸಾಲು, ನಾಲ್ಕು ಕಾಲಂ: ಎಸ್ಟಿಮೇಟ್, ಸ್ಟ್ಯಾಂಡರ್ಡ್ ಎರರ್, ಟಿ, ಪಿ. ಸಾಲು ಎಷ್ಟನೇದು ಅಂತ ಹೇಳಿ ಎತ್ಕೊಳ್ಳೋದು ಸುಲಭ, ಆದ್ರೆ ನಾನು ಏಟು ತಿಂದಿದ್ದು ಅಲ್ಲೇ. ವಯಸ್ಸು, ಲಿಂಗ, ತೂಕ, ಎತ್ತರ, ಇದೇ ಕ್ರಮದಲ್ಲಿ ಮಾಡೆಲ್. ಇಂಟರ್‌ಸೆಪ್ಟ್ (ಉಳಿದದ್ದೆಲ್ಲಾ ಸೊನ್ನೆ ಆದಾಗ ಬರೋ ನಂಬರ್) ಮೊದಲನೇ ಸಾಲು, ಅಲ್ಲಿಗೆ ತೂಕ ನಾಲ್ಕನೇದು. ಗುಂಪು ಗುಂಪಾಗಿ ಲೂಪ್ ಹಾಕಿ ನಾಲ್ಕನೇ ಸಾಲು ತೆಗೀತಾ ಹೋದೆ, ಒಂದು ಗುಂಪಲ್ಲಿ ಬರೀ ಹೆಂಗಸ್ರೇ ಇದ್ರು, 0-1 ಕೋಡ್ ಹಾಕಿದ್ದ ಲಿಂಗದ ಕಾಲಂ ಪೂರ್ತಿ ಒಂದೇ ನಂಬರ್, ಇಂಟರ್‌ಸೆಪ್ಟ್ ಇರೋವಾಗ ಅದನ್ನ ಲೆಕ್ಕ ಹಾಕೋಕೆ ಆಗಲ್ಲ, ಹಾಗಾಗಿ ಆ ಸಾಲೇ ಸಮ್ಮರಿ ಮ್ಯಾಟ್ರಿಕ್ಸಿಂದ ಮಾಯ, ಕೆಳಗಿನವು ಒಂದೊಂದು ಮೇಲೆ ಬಂದ್ವು. ತೂಕ ಅಂತ ನಾನು ಎತ್ಕೊಂಡಿದ್ದು ಎತ್ತರದ ನಂಬರ್! ಎರರ್ರೂ ಇಲ್ಲ, ವಾರ್ನಿಂಗೂ ಇಲ್ಲ. ಅದೇ ಮಾಡೆಲ್‌ಗೆ ನೇರವಾಗಿ ಕೋಎಫ್ ಫಂಕ್ಷನಲ್ಲಿ ಕೇಳಿದ್ರೆ ಲಿಂಗದ ಜಾಗದಲ್ಲಿ ಎನ್‌ಎ, ಅಂದ್ರೆ ನಂಬರ್ ಇಲ್ಲ, ಅಂತ ಇರತ್ತೆ, ಅದನ್ನಾದ್ರೂ ನೋಡಿದ್ರೆ ಗೊತ್ತಾಗ್ತಿತ್ತು.

ಅವತ್ತಿಂದ ಸಾಲನ್ನ ಹೆಸರು ಹಿಡಿದೇ ಕೇಳ್ತೀನಿ, ಆ ಹೆಸರಿನ ಸಾಲು ಇಲ್ಲದಿದ್ರೆ ಆರ್ ಎರರ್ ಕೊಟ್ಟು ನಿಲ್ಲತ್ತೆ, ನಿಲ್ಲಲಿ ಬಿಡಿ. ತಮಾಷೆ ಅಂದ್ರೆ ಕಾಲಂ ವಿಷಯದಲ್ಲಿ ಉಲ್ಟಾ: ಲಾಜಿಸ್ಟಿಕ್ ಮಾಡೆಲ್‌ಗೆ (ಹೌದು-ಇಲ್ಲ ಥರದ ಉತ್ತರಕ್ಕೆ ಬಳಸೋದು) ಹೋದ್ರೆ ಟಿ ಇದ್ದಲ್ಲಿ ಝಡ್ ಬರತ್ತೆ, ಪಿ ಕಾಲಮ್ಮಿನ ಹೆಸರೂ ಬದಲಾಗತ್ತೆ, ಅದಕ್ಕೆ ಅಲ್ಲಿ ನಾಲ್ಕನೇ ಕಾಲಂ ಅನ್ನೋದೇ ವಾಸಿ. ಆರ್‌ಗೆ ಸೇರಿಸ್ಕೊಳ್ಳೋ ಬ್ರೂಮ್ ಪ್ಯಾಕೇಜಿನ ಟೈಡಿ ಫಂಕ್ಷನ್ ಬಳಸಿದ್ರೆ ಈ ತಲೆನೋವಿಲ್ಲ, ಎರಡೂ ಥರದ ಮಾಡೆಲ್‌ಗೆ ಕಾಲಂ ಹೆಸರು ಒಂದೇ.

ಆರ್ ಸ್ಕ್ವೇರ್ (ಏರಿಳಿತದಲ್ಲಿ ಎಷ್ಟು ಪಾಲನ್ನ ಮಾಡೆಲ್ ವಿವರಿಸತ್ತೆ ಅನ್ನೋ ನಂಬರ್) ಸಮ್ಮರಿಯಲ್ಲೇ ಸಿಗತ್ತೆ. ಇಡೀ ಮಾಡೆಲ್ಲಿನ ಪಿ ವ್ಯಾಲ್ಯೂ ಮಾತ್ರ ಕೊನೇ ಸಾಲಲ್ಲಿ ಪ್ರಿಂಟ್ ಆಗಿದ್ರೂ ಒಳಗೆ ಹುಡುಕಿದ್ರೆ ಇರಲ್ಲ. ಸಮ್ಮರಿಯಲ್ಲಿರೋ ಎಫ್ (ಇಡೀ ಮಾಡೆಲ್ಲಿನ ಪರೀಕ್ಷೆಯ ನಂಬರ್) ಮತ್ತೆ ಅದರ ಜೊತೆಗಿರೋ ಡಿಗ್ರೀಸ್ ಆಫ್ ಫ್ರೀಡಂ ಅನ್ನೋ ಎರಡು ನಂಬರ್ ತಗೊಂಡು, ಸಾಧ್ಯತೆ ಲೆಕ್ಕ ಹಾಕೋ ಪಿಎಫ್ ಫಂಕ್ಷನ್‌ಗೆ ಕೊಡ್ಬೇಕು, ಮೇಲಿನ ಬಾಲ, ಅಂದ್ರೆ ಎಫ್‌ಗಿಂತ ದೊಡ್ಡದು ಬರೋ ಸಾಧ್ಯತೆ, ಬೇಕು ಅಂತ ಹೇಳೋದು ಮರೀಬೇಡಿ.

ಸ್ಟೇಟಾ (ಆರ್ ಥರದ್ದೇ ಇನ್ನೊಂದು ಸಾಫ್ಟ್‌ವೇರ್) ಬಳಸೋರಿಗೆ ಇ-ರಿಟರ್ನ್ ಲಿಸ್ಟ್ ಅನ್ನೋ ಕಮ್ಯಾಂಡ್ ಕೊಟ್ರೆ ರಿಗ್ರೆಷನ್ ಏನೇನು ಉಳಿಸಿಟ್ಟಿದೆ ಅಂತ ಎಲ್ಲಾ ಕಾಣತ್ತೆ, ಆದ್ರೆ ಮುಂದಿನ ರಿಗ್ರೆಷನ್ ಓಡಿಸಿದ ಕೂಡಲೇ ಹಳೇದು ಅಳಿಸಿಹೋಗತ್ತೆ, ಅದಕ್ಕೆ ಮೊದಲೇ ಬೇಕಾದ್ದನ್ನ ಒಂದು ಸ್ಕೇಲಾರ್‌ಗೆ (ಒಂದು ನಂಬರ್ ಇಟ್ಕೊಳ್ಳೋ ಹೆಸರು) ಹಾಕಿಟ್ಕೊಳ್ಳಿ.